ಚಿಲಕ ಹಾಕಿದ ಕೋಣೆಯ ಭಾಷಣ

ಡೊಂಬಿವಲಿಯ ನಮ್ಮ ಕನ್ನಡ ಸಂಘದ ಸಭೆಗಳ ಹಳೆಯ ನಡಾವಳಿ ಪುಸ್ತಕ ಕಾಣೆಯಾದ ಶನಿವಾರ ಸಂಜೆ, ಮೊದಲು ಬೆರಳು ತೋರಿಸಿದವನು ನಾನೇ. ತೋರಿಸಿದ್ದು ಚನಿಯನ ಕಡೆಗೆ. ಮೂವತ್ತು ವರ್ಷಗಳಿಂದ ಸಂಘದ ಕಸ ಗುಡಿಸಿ, ಕುರ್ಚಿ ಜೋಡಿಸಿ, ಹಿಂದಿನ ಸಣ್ಣ ಕೋಣೆಯಲ್ಲಿ ಬದುಕಿಕೊಂಡಿದ್ದವನು ಅವನು.

"ರದ್ದಿಗೆ ಹಾಕಿರಬೇಕ್ರಿ. ಅವನ ಟ್ರಂಕ್ ತೆಗಸ್ರಿ," ಎಂದೆ ಎಲ್ಲರೆದುರು.

ಚನಿಯನೇ ಟ್ರಂಕ್ ತೆರೆದ. ಎರಡು ಅಂಗಿ, ತೀರಿಕೊಂಡ ಹೆಂಡತಿಯ ಒಂದು ಸೀರೆ, ಪ್ಲಾಸ್ಟಿಕ್ ಸುತ್ತಿದ ಒಂದು ಫೋಟೋ. ಒಂದೊಂದನ್ನೇ ನೆಲದ ಮೇಲೆ ಇಟ್ಟ. ಪುಸ್ತಕ ಇರಲಿಲ್ಲ. "ಮಾರಿಬಿಟ್ಟಾನ," ಎಂದೆ. ಇದನ್ನು ಬರೆಯುವಾಗ ಈಗಲೂ ತಲೆ ತಗ್ಗುತ್ತದೆ.

ಆಮೇಲೆ ಮೂರನೆಯ ಮಹಡಿಗೆ ಹೋದೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದ ಜಲಜಾಕ್ಷಿಯಮ್ಮ ಅಲ್ಲಿರುತ್ತಾರೆ. ಈ ಕಟ್ಟಡದಲ್ಲಿ ಏನು ಕಳೆದರೂ ಎಲ್ಲರೂ ಅವರ ಬಾಗಿಲು ತಟ್ಟುವುದು, ನಾನು ಜೊತೆಗಿರುವುದು ರೂಢಿ.

"ಆದದ್ದನ್ನು ಆದ ಹಾಗೆ ಹೇಳಿ, ವಿಜಯಣ್ಣ," ಎಂದರು.

ಹೇಳಿದೆ. ಐದು ಗಂಟೆಗೆ ನಾನೇ ಪುಸ್ತಕವನ್ನು ಹಾಲ್‌ನ ಹಿಂದಿನ ಒಳ ಓಣಿಯ ಕಪಾಟಿನಲ್ಲಿಟ್ಟು, ಬೀಗದ ಕೈ ಮೊಳೆಗೆ ತೂಗುಹಾಕಿದ್ದೆ. ಕಟ್ಟಡ ಕೆಡವಿ ಹೊಸದಾಗಿ ಕಟ್ಟುವುದಿತ್ತು. ಆರಕ್ಕೆ ವಕೀಲರು ಬಂದು ಹಳೆಯ ದಾಖಲೆಗಳನ್ನೆಲ್ಲ ಒಯ್ಯುವವರಿದ್ದರು. ಐದೂವರೆಗೆ ಕಪಾಟು ಖಾಲಿ. ಆ ಹೊತ್ತಿನಲ್ಲಿ ಒಳಗಿದ್ದವರು ನನ್ನನ್ನು ಬಿಟ್ಟರೆ ಇಬ್ಬರೇ. ಚನಿಯ ಟೆರೇಸಿನಲ್ಲಿ ಪಂಪು ನೋಡುತ್ತಿದ್ದೆ ಎನ್ನುತ್ತಾನೆ, ಕಂಡವರಿಲ್ಲ. ಕಾರ್ಯದರ್ಶಿ ಪುಂಡರೀಕಾಕ್ಷರು ಆಫೀಸು ಕೋಣೆಯ ಚಿಲಕ ಹಾಕಿಕೊಂಡು, ಸ್ಪೀಕರ್ ಹಚ್ಚಿ, ಸುವರ್ಣ ಮಹೋತ್ಸವದ ಭಾಷಣದ ತಾಲೀಮು ಮಾಡುತ್ತಿದ್ದರು.

"ಆ ಕೋಣೆಗೆ ಓಣಿಯ ಕಡೆಗೂ ಒಂದು ಬಾಗಿಲುಂಟಲ್ಲ?"

"ಐತ್ರಿ. ಆದ್ರ ನಾ ಹಾಲ್‌ನ್ಯಾಗ ಆಫೀಸ್ ಬಾಗಿಲ ಮುಂದ ಕುಂತಿದ್ದೆ. ಅವರ ದನಿ ಕೇಳಕೋತನ ಇದ್ದೆ."

"ನಡುವೆ ನಿಲ್ಲಿಸಲೇ ಇಲ್ಲವಾ?"

"ಒಮ್ಮೆ. ಕುರ್ಚಿ ಎಷ್ಟು ಬೇಕಂತ ಕೇಳಾಕ ಫೋನ್ ಹಚ್ಚಿದೆ. ದನಿ ನಿಂತಿತು, ಫೋನ್ ಎತ್ತಲಿಲ್ಲ. ರಿಂಗ್ ಮುಗದ ಮ್ಯಾಲೆ ಮತ್ತ ಶುರುವಾತು."

"ಎಲ್ಲಿಂದ?"

"'ಸಂಸ್ಥಾ' ಅಂತ ನಿಂತಿದ್ದು, 'ಪಕರು' ಅಂತ ಶುರುವಾತು."

ಜಲಜಾಕ್ಷಿಯಮ್ಮ ಕನ್ನಡಕ ತೆಗೆದಿಟ್ಟರು. "ಎಲ್ಲಾದರೂ ತಪ್ಪಿ ಓದಿದರಾ?"

"ಎಂಬತ್ತೆರಡನೇ ಇಸವಿ ಅನ್ನೂದನ್ನ ತೊಂಬತ್ತೆರಡು ಅಂದು, ಕೆಮ್ಮಿ, ತಿದ್ದಿಕೊಂಡ್ರು."

"ಭಾಷೆ ತಿದ್ದಲಿಕ್ಕೆ ಅಂತ ಆ ಭಾಷಣವನ್ನು ರೆಕಾರ್ಡ್ ಮಾಡಿ ಸಂಘದ ವೆಬ್‌ಸೈಟಿಗೆ ಹಾಕಿ ನನಗೊಬ್ಬಳಿಗೆ ಲಿಂಕ್ ಕಳಿಸಿದ್ದರು. ಬ್ರೌಸರಲ್ಲಿ ಕೇಳ್ತಾ ಇದ್ದರೆ, ಮೊಬೈಲಿನ ಪರದೆ ಆರಿದ ಕೂಡಲೇ ನಿಲ್ತಿತ್ತು. ಪರದೆಯ ಮೇಲಿನ ನೋಟಿಫಿಕೇಶನ್ ಪಟ್ಟಿ ಎಳೆದು ಇನ್ನೊಮ್ಮೆ ಪ್ಲೇ ಒತ್ತಿದರೆ ನಿಲ್ಲುವುದಿಲ್ಲ ಅಂತ ಅವರೇ ಕಲಿಸಿಕೊಟ್ಟದ್ದು," ಎಂದರು. ಅಷ್ಟಾದರೂ ನನಗೆ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಸದಸ್ಯರೆಲ್ಲ ಹಾಲ್‌ನಲ್ಲಿ ಸೇರಿದರು. ಪುಂಡರೀಕಾಕ್ಷರು ಮುಂದಿನ ಸಾಲಿನಲ್ಲಿದ್ದರು. ಚನಿಯ ಗೋಡೆಗೆ ಒರಗಿ ನಿಂತಿದ್ದ. ಜಲಜಾಕ್ಷಿಯಮ್ಮ ನನ್ನನ್ನು ನಿನ್ನೆಯ ಜಾಗದಲ್ಲೇ ಕೂರಿಸಿ, ತಾವು ಆಫೀಸು ಕೋಣೆಗೆ ಹೋಗಿ ಚಿಲಕ ಹಾಕಿಕೊಂಡರು. ಒಳಗಿನಿಂದ ಕಾರ್ಯದರ್ಶಿಗಳ ದನಿ ಬಂತು. ಎಲ್ಲರೂ ಮುಂದಿನ ಸಾಲಿನತ್ತ ತಿರುಗಿದರು. ಅವರ ತುಟಿ ಅಲ್ಲಾಡುತ್ತಿರಲಿಲ್ಲ.

ಭಾಷಣ ನಡೆಯುತ್ತಲೇ ಇತ್ತು. ಜಲಜಾಕ್ಷಿಯಮ್ಮ ಓಣಿಯ ಕಡೆಯಿಂದ ಬಂದು ನಮ್ಮ ಬೆನ್ನ ಹಿಂದೆ ನಿಂತರು.

"ತೊಂಬತ್ತೆರಡು..." ಎಂದಿತು ದನಿ. ಕೆಮ್ಮಿತು. "ಎಂಬತ್ತೆರಡನೇ ಇಸವಿಯಲ್ಲಿ..."

ನಿನ್ನೆಯದೇ ತಪ್ಪು, ನಿನ್ನೆಯದೇ ಕೆಮ್ಮು.

"ಈಗ ನನ್ನ ನಂಬರಿಗೆ ಫೋನ್ ಮಾಡಿ, ವಿಜಯಣ್ಣ."

ಮಾಡಿದೆ. ದನಿ ಒಂದು ಪದದ ನಡುವೆ ತುಂಡಾಯಿತು. ರಿಂಗ್ ನಿಂತ ಮೇಲೆ ಆ ಪದದ ಉಳಿದರ್ಧದಿಂದ ಮುಂದುವರಿಯಿತು.

"ಓದುತ್ತಿದ್ದ ಮನುಷ್ಯ ನಿಂತರೆ ವಾಕ್ಯದ ಮೊದಲಿಗೆ ಹೋಗ್ತಾನೆ, ಕಡೇಪಕ್ಷ ಪದದ ಮೊದಲಿಗೆ," ಎಂದರು ಜಲಜಾಕ್ಷಿಯಮ್ಮ. "ಅರ್ಧ ಪದದಿಂದ ಶುರು ಮಾಡುವುದು ಫೋನು ಮಾತ್ರ. ತಪ್ಪು, ಕೆಮ್ಮು ಎರಡೂ ರೆಕಾರ್ಡಿನಲ್ಲೇ ಇದ್ದವು. ನಿನ್ನೆ ಆ ಕೋಣೆಯಲ್ಲಿ ಜನ ಇರಲಿಲ್ಲ, ಪರದೆ ಆರಿಸಿದ ಫೋನು ಮಾತ್ರ ಇತ್ತು. ಇನ್ನು, ಭಾಷಣಕ್ಕೋಸ್ಕರ ಆ ಪುಸ್ತಕವನ್ನು ಪೂರ್ತಿ ಓದಿದವರು ಒಬ್ಬರೇ. ಅದರಲ್ಲಿ ಎಂತ ಉಂಟು, ಪುಂಡರೀಕಾಕ್ಷರೇ?"

ಅವರು ಜೇಬಿನಿಂದ ಕೀಲಿ ತೆಗೆದರು. "ಗಾಡಿಯ ಡಿಕ್ಕಿಯಲ್ಲಿದೆ," ಎಂದರು.

ಪುಸ್ತಕ ಬಂತು. ಜಲಜಾಕ್ಷಿಯಮ್ಮ ಪುಟ ಹುಡುಕಿ ಹಳೆಯ ನಿರ್ಣಯವೊಂದನ್ನು ಓದಿದರು: 'ಚನಿಯನು ಇರುವವರೆಗೆ ಹಿಂದಿನ ಕೋಣೆ ಅವನದು. ಕಟ್ಟಡ ಹೊಸದಾದರೂ ಅವನಿಗೊಂದು ಕೋಣೆ ಕೊಡತಕ್ಕದ್ದು.' ಹೊಸ ನಕ್ಷೆಯಲ್ಲಿ ಆ ಜಾಗವನ್ನು ಪುಂಡರೀಕಾಕ್ಷರು ಮಗನ ಕೋಚಿಂಗ್ ಕ್ಲಾಸಿಗೆಂದು ಗುರುತು ಹಾಕಿಸಿದ್ದರು. ಅವರು ಅಲ್ಲೇ ರಾಜೀನಾಮೆ ಬರೆದುಕೊಟ್ಟರು. ಜನರೆಲ್ಲ ಅವರನ್ನು ಬೈಯತೊಡಗಿದರು. ನಾನು ಬೈಯಲಿಲ್ಲ. ಬೈಯುವ ಬಾಯಿ ನನಗಿರಲಿಲ್ಲ.

ಚನಿಯ ಹಾಲ್‌ನಲ್ಲಿರಲಿಲ್ಲ. ಹಿಂದಿನ ಕೋಣೆಯಲ್ಲಿ, ಟ್ರಂಕಿನ ಮುಂದೆ ಕೂತು ಸೀರೆ ಮಡಚುತ್ತಿದ್ದ.

"ನಂದು ತಪ್ಪಾತು, ಚನಿಯಾ," ಎಂದೆ ಮೆಲ್ಲಗೆ.

ಅವನು ತಲೆ ಎತ್ತಲಿಲ್ಲ. "ನೀವು ಕಳ್ಳ ಅಂದದ್ದು ಅಲ್ಲಿ, ಎಲ್ಲರ ಎದುರು ಸಾರ್. ಇಲ್ಲಿ ಹೇಳಿದರೆ ಯಾರಿಗೆ ಕೇಳ್ತದೆ?"

ನಾನು ತಿರುಗಿ ಓಡಿದೆ. ಅರ್ಧ ಜನ ಮೆಟ್ಟಿಲು ಇಳಿಯುತ್ತಿದ್ದರು. ಕೂಗಿ ಎಲ್ಲರನ್ನೂ ವಾಪಸು ಕರೆದೆ. ಹಾಲ್‌ನ ನಡುವೆ ನಿಂತು, ನಾನು ಅಂದದ್ದನ್ನೂ ಮಾಡಿದ್ದನ್ನೂ ಒಂದೂ ಬಿಡದೆ ಹೇಳಿ, ಚನಿಯನಿಗೆ ಕೈಮುಗಿದೆ. ಅವನು ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದ. ಕ್ಷಮಿಸಿದೆ ಎನ್ನಲಿಲ್ಲ. ಅದನ್ನು ಕೇಳುವ ಧೈರ್ಯ ನನಗೂ ಆಗಲಿಲ್ಲ.