ಡಾನ್ ಫೆರ್ಮಿನ್‌ಗೆ ಒಂದು

"ಯಾರ್ರೀ ಅದು, ನನ್ನ ಗೋಡೆ ಮೇಲೆ?"

ಅಂಗಡಿಯಲ್ಲಿ ಮಾರೋಕೆ ಆಪಿ ಕಲಕುತ್ತಿದ್ದ ಸೌಟನ್ನು ಕೈಯಲ್ಲಿ ಹಿಡಿದೇ ಹೊರಗೆ ಓಡಿಬಂದಿದ್ದೆ. ಏಣಿ ಮೇಲಿದ್ದವನು ತಿರುಗಿ ನೋಡಿದ. ಅವನ ಮೂಗಿನ ತುದಿಗೆ ಕಿತ್ತಳೆ ಬಣ್ಣ ಮೆತ್ತಿತ್ತು. ನನ್ನ ಮಣ್ಣಿನ ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ 'ಫೆರ್ಮಿನ್' ಅಂತ ಬರೆದಾಗಿತ್ತು.

"ಕೇಳೇ ಶುರು ಮಾಡಿದ್ದು. ಅವರು ಹೂಂ ಅಂದ್ರು," ಅಂತ ಪಕ್ಕದ ಅಂಗಡಿ ಕಡೆ ಬ್ರಷ್ ತೋರಿಸಿದ.

ಪಕ್ಕದ ಡೋನ್ಯಾ ಕ್ರಿಸ್ಪಿನಾ ಉಣ್ಣೆ ಮಾರುವವಳು. ತನ್ನದಲ್ಲದ ಗೋಡೆಗೆ ಹೂಂ ಅನ್ನೋದರಲ್ಲಿ ಎತ್ತಿದ ಕೈ. "ಬರೀಲಿ ಬಿಡೇ ಬಸಿಲಿಯಾ, ಹುಡುಗ ಚೆನ್ನಾಗಿದಾನೆ!" ಅಂತ ಕೂತಲ್ಲಿಂದಲೇ ಕೂಗಿದಳು.

"ಗೋಡೆ ನನ್ನದು. ಅಳಿಸ್ರಿ."

"ಅಳಿಸ್ತೀನಿ, ಮಾತು ಕೊಟ್ಟೆ. ಮೊದಲು ಒಂದು ಲೋಟ ಆಪಿ ಕೊಡ್ತೀರಾ? ಬೆರಳು ಮರಗಟ್ಟಿ ಹೋಗಿದೆ."

ಒರೂರೊ ಊರಿನ ಬೆಳಗಿನ ಚಳಿ ಕಂಡವರು ಆ ಮಾತಿಗೆ ಇಲ್ಲ ಅನ್ನಲಾರರು. ನೇರಳೆ ಜೋಳದ ಬಿಸಿ ಆಪಿ ಕೊಟ್ಟೆ, ಜೊತೆಗೆ ಚೀಸ್ ತುಂಬಿ ಕರಿದ ಒಂದು ಪೂರಿ. ಎರಡೂ ಕೈಯಲ್ಲಿ ಲೋಟ ಹಿಡಿದು, ಹಬೆಯ ಮೇಲಿಂದ ನನ್ನನ್ನೇ ನೋಡುತ್ತಾ ಕುಡಿದ. ಒಂದು ಲೋಟ ಆಪಿಗೆ ಅಷ್ಟು ಹೊತ್ತು ತಗೊಂಡವರನ್ನು ನಾನು ಕಂಡೇ ಇರಲಿಲ್ಲ. ಗೋಡೆ ಮಾತ್ರ ಅಳಿಸಲಿಲ್ಲ.

ಹೆಸರು ದಾಮಸೊ ಲಾಸಾರ್ತೆ. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದವನು. ಅದು ಮುಚ್ಚಿದ ಮೇಲೆ ಸಿಕ್ಕಿದ ಕೆಲಸ ಮಾಡಿಕೊಂಡಿದ್ದ. ನಮ್ಮಲ್ಲಿ ಹಿರಿಯರನ್ನು ಡಾನ್, ಡೋನ್ಯಾ ಅಂತ ಕರೆಯೋದು. ಡಾನ್ ಫೆರ್ಮಿನ್ ಹಿಂದೊಮ್ಮೆ ರೈಲಿನ ಗಾರ್ಡ್ ಆಗಿದ್ದ ಮುದುಕ, ಈಗ ದೇಶದ ಅಧ್ಯಕ್ಷನಾಗಲು ನಿಂತಿದ್ದ. ಗೆದ್ದರೆ ವರ್ಕ್‌ಶಾಪ್ ಬಾಗಿಲು ತೆಗೆಸ್ತೀನಿ ಅಂತ ಹೇಳಿದ್ದ.

"ಯಾರು ಅಧ್ಯಕ್ಷ ಆದರೂ ನಾನು ಜೋಳ ಬೀಸೋದು ತಪ್ಪಲ್ಲ," ಅಂದೆ ನಾನು. ರಾಜಕೀಯ ಅಂದರೆ ಮೈ ಉರೀತಿತ್ತು ನನಗೆ.

"ಸರಿ. ನೀವು ಬೀಸ್ತಾ ಇರಿ, ನಾನು ಹೇಳ್ತಾ ಇರ್ತೀನಿ."

ದಿನಾ ಬೆಳಗ್ಗೆ ಬಂದ, ದಿನಾ ಹೇಳಿದ. ಮೊದಮೊದಲು ಅವನು ಕೊಟ್ಟ ಪಾಂಪ್ಲೆಟ್ ಪೂರಿ ಸುತ್ತಿಕೊಡೋಕೆ ಬಳಸುತ್ತಿದ್ದೆ. ಆಮೇಲೆ ಸುತ್ತೋ ಮುಂಚೆ ಒಮ್ಮೆ ಓದತೊಡಗಿದೆ. ಯಾವಾಗ ನನಗೆ ಅವನು 'ನೀನು' ಆದ, ನಾನು ಅವನಿಗೆ 'ನೀನು' ಆದೆ ಅನ್ನೋದು ಇಬ್ಬರಿಗೂ ಗೊತ್ತಾಗಲಿಲ್ಲ.

ಸ್ಟೇಷನ್ ಮುಂದಿನ ಸಭೆಗೆ ಹೋದದ್ದು ದಾಮಸೊನನ್ನು ನೋಡೋಕೆ, ಸುಳ್ಳು ಯಾಕೆ ಹೇಳಲಿ? ಡಾನ್ ಫೆರ್ಮಿನ್ ಬಾಯಿ ತೆರೆಯುವಷ್ಟರಲ್ಲಿ ಮೈಕ್ ಕೈಕೊಟ್ಟಿತು. ಜನ ನಕ್ಕರು. ಮುದುಕ ಕೆಳಗಿಳಿದು ಬಂದು, ಕೋಟಿನ ಜೇಬಿನಿಂದ ಹಳೇ ಗಾರ್ಡ್ ವಿಷಲ್ ತೆಗೆದು ಉದ್ದಕ್ಕೆ ಊದಿದ. ನಮ್ಮಪ್ಪನೂ ರೈಲಿನಲ್ಲೇ ದುಡಿದವನು. ಆ ಸದ್ದು ನಮ್ಮೂರಲ್ಲಿ ಕೇಳಿ ಎಷ್ಟೋ ವರ್ಷ ಆಗಿತ್ತು. ಎಲ್ಲರಿಗಿಂತ ಮೊದಲು "ಫೆರ್ಮಿನ್! ಫೆರ್ಮಿನ್!" ಅಂತ ಕೂಗಿದವಳು ನಾನೇ ಅಂತ ದಾಮಸೊ ಆಮೇಲೆ ಹೇಳಿ ನಕ್ಕ.

ಮಾರನೇ ದಿನ ಎರಡೂ ಜಡೆಗೆ ಕಿತ್ತಳೆ ರಿಬ್ಬನ್ ಕಟ್ಟಿಕೊಂಡೆ.

"ಚೆನ್ನಾಗಿ ಕಾಣುತ್ತೆ," ಅಂದ.

"ಯಾರು, ಡಾನ್ ಫೆರ್ಮಿನ್ನಾ?"

"ಅವರೂ ಪರವಾಗಿಲ್ಲ."

ಹೀಗೇ ಒಂದು ಬೆಳಗ್ಗೆ ಲೋಟದ ಅಂಚನ್ನು ಬೆರಳಲ್ಲಿ ಸವರುತ್ತಾ ಹೇಳಿದ, "ಅವರು ಗೆದ್ರೆ ನನ್ನ ಕೆಲಸ ವಾಪಸ್ ಬರುತ್ತೆ. ಆವಾಗ ನಿಮ್ಮಮ್ಮನ ಹತ್ರ ಬಂದು ಕೇಳ್ತೀನಿ."

"ಏನು ಕೇಳ್ತೀಯಾ? ಆಪೀನಾ?"

"ಆಪಿ ಮಾಡೋಳನ್ನ."

ಕಿವಿ ಬಿಸಿಯಾಯಿತು. ಸೌಟು ಹಿಡಿದು ಸುಮ್ಮನೆ ಕಲಕಿದೆ. "ಸೋತರೆ?"

"ಗಡಿ ದಾಟಿ ಕಲಾಮಾಕ್ಕೆ, ಗಣಿ ಕೆಲಸಕ್ಕೆ. ತಮ್ಮ ಕರೀತಾನೇ ಇದಾನೆ. ಹೋದೋರು ಬರ್ತಾರಾ ಅಂತ ಕೇಳ್ಬೇಡ."

ಕೇಳಲಿಲ್ಲ. ಹೋದವರು ಯಾರು ಬಂದಿದ್ದಾರೆ ಅಂತ ನಮ್ಮ ಬೀದಿಗೇ ಗೊತ್ತು. ಅವತ್ತಿನಿಂದ ಹುಚ್ಚಿಯ ಹಾಗೆ ಓಟು ಕೇಳಿದೆ. ಕುಡಿಯಲು ಬಂದವರ ಜೊತೆ ಜಗಳ, ಮೀನು ಮಾರುವವರ ಜೊತೆ ಜಗಳ. ಬೇರೆ ಬಣ್ಣದ ಟೋಪಿ ಹಾಕಿ ಬಂದವರಿಗೆ ತಳ ಹಿಡಿದ ಆಪಿ.

"ಎರಡು ಪರ್ಸೆಂಟೂ ಬರಲ್ಲ ಅಂತ ಟಿವೀಲಿ ಹೇಳ್ತಿದಾರೆ ಕಣೇ," ಅಂದಳು ಕ್ರಿಸ್ಪಿನಾ.

"ಟಿವಿಯವರು ನನ್ನನ್ನ ಕೇಳಿದ್ರಾ?"

"ಅಯ್ಯೋ ಮಗಳೇ, ನೀನು ಓಟು ಕೇಳ್ತಿರೋದು ಮುದುಕನಿಗಲ್ಲ, ಆ ಹುಡುಗನಿಗೆ." ಅವಳ ಮಾತಲ್ಲಿ ನಗು ಇರಲಿಲ್ಲ.

ನಮ್ಮಲ್ಲಿ ಮತಗಟ್ಟೆಯ ಟೇಬಲ್ಲಿಗೆ ಕೂರುವವರನ್ನು ಮತದಾರರಿಂದಲೇ ಚೀಟಿ ಎತ್ತಿ ಆರಿಸುತ್ತಾರೆ. ಹೆಸರು ಬಂದರೆ ತಪ್ಪಿಸಿಕೊಳ್ಳುವ ಹಾಗಿಲ್ಲ. ಈ ಸಲ ನನ್ನದು ಬಂತು. ಟೇಬಲ್ ಹಂಚೋದು ಮನೆತನದ ಹೆಸರಿನ ಅಕ್ಷರಕ್ರಮದಲ್ಲಿ. ನಾನು ಲಾಸೊ, ಅವನು ಲಾಸಾರ್ತೆ; ಅವನ ಓಟೂ ನನ್ನ ಟೇಬಲ್ಲಿಗೇ.

"ನೋಡಿದ್ಯಾ? ಪಾದ್ರಿಗಿಂತ ಮುಂಚೆ ಸರ್ಕಾರವೇ ನಮ್ಮನ್ನ ಜೊತೆ ಮಾಡಿದೆ," ಅಂತ ದಾಮಸೊ ನಕ್ಕ. ಆ ನಗು ಕಣ್ಣಿನ ತನಕ ಹೋಗಲಿಲ್ಲ. ನಾನು ಆವಾಗಲೇ ಗಮನಿಸಬೇಕಿತ್ತು.

ಓಟಿನ ಭಾನುವಾರ ಒಂದು ಗಾಡಿಯೂ ಓಡುವ ಹಾಗಿಲ್ಲ. ಊರಿಗೆ ಊರೇ ನಡೆದುಕೊಂಡು ಶಾಲೆಗೆ ಬಂತು. ಎಲ್ಲರಿಗಿಂತ ಮೊದಲು ನನ್ನ ಓಟು ಹಾಕಿದೆ. ಬೆಳಗ್ಗೆ ಜೋಳ ಬೀಸಿದ ಕೈ, ಎಷ್ಟು ತೊಳೆದರೂ ಬಣ್ಣ ಬಿಟ್ಟಿರಲಿಲ್ಲ. ಚೀಟಿಯ ಮೂಲೆಯಲ್ಲಿ ಹೆಬ್ಬೆರಳಿನ ನೇರಳೆ ಗುರುತು ಉಳಿಯಿತು.

ದಾಮಸೊ ಮಧ್ಯಾಹ್ನ ಬಂದ. ಮರೆಗೆ ಹೋಗಿ ತುಂಬಾ ಹೊತ್ತು ನಿಂತ. ಹೊರಬಂದು ಚೀಟಿ ಡಬ್ಬಕ್ಕೆ ಹಾಕಿ ಬೆರಳು ಚಾಚಿದ. ಶಾಯಿ ಹಚ್ಚುವ ನೆಪದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಆ ಕೈ ಹಿಡಿದುಕೊಂಡೆ. ತಣ್ಣಗಿತ್ತು. ಅವನು ತಲೆ ಎತ್ತಲಿಲ್ಲ.

ಸಂಜೆ ಎಣಿಕೆ. ಒಂದೊಂದೇ ಚೀಟಿ ಬಿಚ್ಚಿ, ಎತ್ತಿ ತೋರಿಸಿ, ಕಿಟಕಿಯಲ್ಲಿ ನಿಂತವರಿಗೆ ಕೇಳುವ ಹಾಗೆ ಕೂಗಬೇಕು. ಕೂಗೋ ಕೆಲಸ ನನ್ನದು. "ಹಸಿರಿಗೆ ಒಂದು. ಹಳದಿಗೆ ಒಂದು. ಹಸಿರಿಗೆ ಒಂದು. ಖಾಲಿ." ನನ್ನ ಜೊತೆ ಕೂತವರು ಬೋರ್ಡಿನ ಮೇಲೆ ಗೀಟು ಎಳೆಯುತ್ತಿದ್ದರು.

ಅಷ್ಟರಲ್ಲಿ ಒಂದು ಸಿಕ್ಕಿತು.

"ಡಾನ್ ಫೆರ್ಮಿನ್‌ಗೆ ಒಂದು!" ಅಂತ ಕೂಗಿ ಎತ್ತಿ ಹಿಡಿದೆ. ಮೂಲೆಯಲ್ಲಿ ನೇರಳೆ ಹೆಬ್ಬೆರಳು. ನನ್ನದೇ ಚೀಟಿ.

ಇನ್ನೊಂದು ಇದೆ ಅಂತ ನನಗೆ ಗೊತ್ತಿತ್ತು. ದೇಶವೆಲ್ಲ ಕೈಬಿಟ್ಟರೂ ಈ ಡಬ್ಬದಲ್ಲಿ ಇನ್ನೊಂದು ಇದ್ದೇ ಇರುತ್ತೆ. ಬಿಚ್ಚಿದೆ, ಬಿಚ್ಚಿದೆ. ಚೀಟಿಗಳು ಮುಗಿದವು. ಡಬ್ಬ ಮಗುಚಿ ತಟ್ಟಿದೆ.

"ಖಾಲಿ ಕಣಮ್ಮ," ಅಂದರು ಪಕ್ಕದವರು.

ಬೋರ್ಡಿನ ಮೇಲೆ ಫೆರ್ಮಿನ್ ಹೆಸರಿನ ಮುಂದೆ ಒಂದೇ ಗೀಟು. ಕಿಟಕಿಯಲ್ಲಿ ದಾಮಸೊ ನಿಂತಿದ್ದ. ನಾನು ನೋಡಿದ ಕೂಡಲೇ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಗಾಡಿಯಿಲ್ಲದ ದೊಡ್ಡ ರಸ್ತೆಯ ನಟ್ಟನಡುವೆ ಇಬ್ಬರೂ ನಡೆದೆವು.

"ಯಾರಿಗೆ ಹಾಕಿದೆ?"

"ಯಾರಿಗೂ ಇಲ್ಲ. ಖಾಲಿ ಬಿಟ್ಟೆ."

"ಯಾಕೋ?"

"ಗೆಲ್ಲಲ್ಲ ಅಂತ ಯಾವತ್ತೋ ಗೊತ್ತಾಗಿತ್ತು. ತಮ್ಮನಿಗೆ ಬರ್ತೀನಿ ಅಂದುಬಿಟ್ಟಿದೀನಿ. ಪೆನ್ನು ಹಿಡಿದು ಅವರ ಫೋಟೊ ನೋಡ್ತಾ ನಿಂತೆ. ಗೀಟು ಹಾಕಿದ್ರೆ ಮತ್ತೆ ಆಸೆ ಹುಟ್ಟುತ್ತೆ ಬಸಿಲಿಯಾ. ಆಸೆ ಹುಟ್ಟಿದ್ರೆ ನಂಗೆ ಬಸ್ಸು ಹತ್ತೋಕಾಗಲ್ಲ."

"ಮತ್ತೆ ನನ್ನನ್ಯಾಕೆ ಬೀದಿಬೀದಿ ಓಟು ಕೇಳೋಕೆ ಬಿಟ್ಟೆ, ಹಾಳಾದವನೇ?"

"ರಿಬ್ಬನ್ ಕಟ್ಕೊಂಡು ನೀನು ಜಗಳ ಆಡೋದನ್ನ ನೋಡ್ತಾ ಇರಬೇಕು ಅನ್ನಿಸ್ತಿತ್ತು. ನಿನ್ನನ್ನ ತುಂಬಾ ಪ್ರೀತಿಸ್ತೀನಿ." ಮೊದಲ ಸಲ ಹೇಳಿದ, ಅದೂ ಈಗ.

ಅಳು ಬಂತು, ಅತ್ತೆ. "ಅವರು ಗೆಲ್ತಾರೆ ಅಂತ ನಾನೂ ನಂಬಿರಲಿಲ್ಲ ದಾಮಸೊ. ಸೋತ ಮೇಲೂ ನೀನು ಇರ್ತೀಯ ಅಂತ ನಂಬಿದ್ದೆ. ಆ ಡಬ್ಬದಲ್ಲಿ ಎರಡು ಬಂದಿದ್ರೆ ಸಾಕಿತ್ತು ನನಗೆ."

ಅವನು ನನ್ನ ಮನೆ ತನಕ ನಡೆದುಬಂದು, ತಿರುಗಿ ಹೋದ.

ಸೋಮವಾರ ಬೆಳಗ್ಗೆ ಬಾಗಿಲು ತೆಗೆದರೆ ಸುಣ್ಣದ ಬಕೆಟ್ ಹಿಡಿದು ನಿಂತಿದ್ದ. ಹೆಗಲಲ್ಲಿ ಚೀಲ.

"ಅಳಿಸ್ತೀನಿ ಅಂತ ಮಾತು ಕೊಟ್ಟಿದ್ನಲ್ಲ."

ಲೋಟ ತುಂಬಿ ಕೊಟ್ಟೆ. ನಿಂತೇ, ಬಿಸಿ ಬಿಸಿಯಾಗಿದ್ದದ್ದನ್ನು ಗಟಗಟ ಕುಡಿದು ಮುಗಿಸಿದ. ಕಣ್ಣಲ್ಲಿ ನೀರು ತುಂಬಿತು. ನಾಲಿಗೆ ಸುಟ್ಟಿತು ಅಂದ. ಬಗ್ಗಿ ಬ್ರಷ್ ಸುಣ್ಣಕ್ಕೆ ಅದ್ದಿದ.

ನಾನು ಬ್ರಷ್ ಕಿತ್ತುಕೊಂಡೆ.

"ಬಿಡು. ಬಸ್ಸಿಗೆ ಹೊತ್ತಾಯ್ತು. ಗೋಡೆ ನನ್ನದು."