ಲಾಗಿನ್ ಆಗದ ಶುಕ್ರವಾರ

ಹದಿಮೂರು ಜನರ ಎದುರು ನಾನು ಕೃತಿಕಾಳಿಗೆ ಹೇಳಿದ ಮಾತು ಇದು: "ಟೈಪಿಂಗ್ ಕೆಲಸ ಮಾಡ್ತೀರಂತೆ, ಒಂದು ಪಾಸ್‌ವರ್ಡ್ ನೆಟ್ಟಗೆ ಹೊಡೆಯೋಕೆ ಬರಲ್ವಾ?"

ಹೇಳಿದ್ದು ಶುಕ್ರವಾರ ಸಂಜೆ ನಾಲ್ಕೂ ನಲವತ್ತಕ್ಕೆ. ಪರೀಕ್ಷೆಯ ಫಾರಂ ತುಂಬುವ ಗಡುವು ಐದು ಗಂಟೆಗೆ ಮುಗಿಯುವುದಿತ್ತು. ಆ ಮಾತು ಬಾಯಿಂದ ಬಿದ್ದಾಗ ನನಗೆ ನನ್ನ ಮೇಲೆ ಹೆಮ್ಮೆಯೇ ಆಗಿತ್ತು. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಮುಚ್ಚಿಡುವುದಕ್ಕೆ ಏನೂ ಉಳಿಯುವುದಿಲ್ಲ.

ಎರಡು ಸಾವಿರದ ಎಂಟನೇ ಇಸವಿ. ಕೊಪ್ಪದ ಪಕ್ಕ ಬಾಳಗಡಿಯಲ್ಲಿ ಒಂದು ದೂರಶಿಕ್ಷಣ ಕೇಂದ್ರವಿತ್ತು. ಕೆಲಸ ಮಾಡುತ್ತಲೇ ಡಿಗ್ರಿ ಓದುವವರು ಶನಿವಾರ ಅಲ್ಲಿಗೆ ಪಾಠಕ್ಕೆ ಬರುತ್ತಿದ್ದರು. ನಾನು ಅಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಆ ವರ್ಷ ಕೇಂದ್ರಕ್ಕೊಂದು ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಊರಲ್ಲಿ ಜನ 'ವೆಬ್‌ಸೈಟ್ ಶಶಿಕಿರಣ್' ಎನ್ನತೊಡಗಿದ್ದರು, ನಾನೂ ಬೇಡ ಎಂದಿರಲಿಲ್ಲ. ಪರೀಕ್ಷೆ ಬರೆಯುವವರು ಅದರಲ್ಲಿ ಲಾಗಿನ್ ಆಗಿ ಫಾರಂ ತುಂಬಬೇಕು. ತುಂಬದವರ ಹೆಸರು ವಿಶ್ವವಿದ್ಯಾಲಯಕ್ಕೆ ಹೋಗುವುದಿಲ್ಲ, ಒಂದು ವರ್ಷ ಹಾಳು.

ಕೃತಿಕಾ ಬಿ.ಎ. ಕೊನೆಯ ವರ್ಷ. ನರಸಿಂಹರಾಜಪುರದಿಂದ ದಿನಾ ಬಸ್ಸಿನಲ್ಲಿ ಬಂದು ಕೊಪ್ಪ ಬಸ್‌ಸ್ಟ್ಯಾಂಡಿನ ಹತ್ತಿರದ ಡಿಟಿಪಿ ಅಂಗಡಿಯಲ್ಲಿ ಮದುವೆ ಕಾಗದ ಟೈಪ್ ಮಾಡುತ್ತಿದ್ದಳು. ಕೀಬೋರ್ಡ್ ನೋಡದೆ ಟೈಪ್ ಮಾಡುವವರನ್ನು ನಾನು ನೋಡಿದ್ದೆ. ಅವಳು ಸ್ಕ್ರೀನನ್ನೂ ನೋಡುತ್ತಿರಲಿಲ್ಲ. ನಾನು ನೋಟ್ಸ್ ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದಳು. ಬೆರಳು ತಮ್ಮ ಪಾಡಿಗೆ ಓಡುತ್ತಿದ್ದವು, ಕಣ್ಣು ಮಾತ್ರ ನನ್ನ ಬಾಯಿಂದ ಮುಂದಿನ ಪದ ಬರುವುದನ್ನು ಕಾಯುತ್ತಿದ್ದವು. ಹಾಗೆ ಯಾರಾದರೂ ಕಾದರೆ ಮುಂದಿನ ಪದ ಎಲ್ಲಿಂದ ಬರಬೇಕು?

"ಸರ್, ಮುಂದೆ?"

"ಎಂಥದ್ದು ಮುಂದೆ?"

"ನೀವು ಹೇಳ್ತಾ ಇದ್ರಲ್ಲ, ಅದರ ಮುಂದೆ."

"ಎಲ್ಲಿವರೆಗೆ ಹೇಳಿದ್ದೆ?"

"ನನಗೇನ್ ಗೊತ್ತು, ಪಾಠ ಮಾಡೋರು ನೀವು," ಎಂದು ತುಟಿ ಕಚ್ಚಿ ನಗು ತಡೆದುಕೊಳ್ಳುತ್ತಿದ್ದಳು. ನಾನು ಅದೇ ನಗು ನೋಡುವುದಕ್ಕಾಗಿ ಮುಂದಿನ ವಾರ ಬೇಕೆಂದೇ ಮರೆಯುತ್ತಿದ್ದೆ.

ಇಷ್ಟು ಸಾಕಾಯಿತು ಆಫೀಸಿನ ಕ್ಲರ್ಕ್ ವಿಘ್ನೇಶ್ವರನಿಗೆ. ಅವನ ಕಣ್ಣಿಗೆ ಬಿದ್ದ ವಿಷಯ ಸಂಜೆಯೊಳಗೆ ಬಾಳಗಡಿ ದಾಟಿ ಕೊಪ್ಪ ಪೇಟೆ ಮುಟ್ಟುತ್ತಿತ್ತು.

ಆ ಶುಕ್ರವಾರ ಲ್ಯಾಬಿನಲ್ಲಿ ನೂಕುನುಗ್ಗಲು. ಮಧ್ಯಾಹ್ನವೆಲ್ಲ ಕರೆಂಟ್ ಇರಲಿಲ್ಲ, ಬಂದದ್ದು ಮೂರಕ್ಕೆ. ಕೃತಿಕಾಳ ಸರದಿ ಬಂದಾಗ ನಾಲ್ಕೂವರೆ ದಾಟಿತ್ತು. ಲಾಗಿನ್ ಬಟನ್ ಒತ್ತಿದಳು. ಏನೂ ಆಗಲಿಲ್ಲ. ಪಾಸ್‌ವರ್ಡ್ ತಪ್ಪು ಎಂದೂ ಬರಲಿಲ್ಲ, ಪುಟ ತೆರೆಯಲೂ ಇಲ್ಲ. ಮತ್ತೆ ಒತ್ತಿದಳು, ಮತ್ತೂ ಒತ್ತಿದಳು. ಆಮೇಲೆ ಕೈ ಎತ್ತಿ ನನ್ನ ಕಡೆ ನೋಡಿದಳು.

ವಿಘ್ನೇಶ್ವರ ಗಂಟಲು ಸರಿಮಾಡಿಕೊಂಡು ನನ್ನತ್ತ ಹುಬ್ಬು ಹಾರಿಸಿದ. ಸಾಲಿನಲ್ಲಿದ್ದ ಇಬ್ಬರು ಕಿಸಕ್ಕೆಂದರು. ನನ್ನ ಕಿವಿ ಬಿಸಿಯಾಯಿತು. ನಾನು ನಿಂತಲ್ಲಿಂದ ಕದಲಲಿಲ್ಲ.

"ಕ್ಯಾಪ್ಸ್ ಲಾಕ್ ನೋಡಿ," ಎಂದೆ.

"ಕ್ಯಾಪ್ಸ್ ಲಾಕ್ ಅಲ್ಲ ಸರ್. ಪಾಸ್‌ವರ್ಡ್ ಕನ್ನಡದಲ್ಲಿ ಇಟ್ಟಿದೀನಿ. ನಮ್ಮಂಗಡೀಲಿ ಯಾವಾಗ್ಲೂ ಕನ್ನಡವೇ ಆನ್ ಇರುತ್ತೆ. ಇಲ್ಲೂ ಸ್ಕ್ರೋಲ್ ಲಾಕ್ ಒತ್ತಿ ಕನ್ನಡ ಮಾಡ್ಕೊಂಡೇ ಹೊಡೆದೆ."

"ಪಾಸ್‌ವರ್ಡ್‌ನ ಯಾರ್ರೀ ಕನ್ನಡದಲ್ಲಿ ಇಡ್ತಾರೆ?" ಎಂದೆ. ಆಮೇಲೆ ಮೇಲೆ ಬರೆದ ಮಾತು ಹೇಳಿದೆ. ಜನ ನಕ್ಕರು.

ಅವಳು ನಗಲಿಲ್ಲ, ವಾದವನ್ನೂ ಮಾಡಲಿಲ್ಲ. ಐದಕ್ಕೆ ಎರಡು ನಿಮಿಷ ಇರುವ ತನಕ ಅದೇ ಬಟನ್ ಒತ್ತುತ್ತಿದ್ದಳು. ಕೊನೆಗೆ ಎದ್ದು, ಕುರ್ಚಿಯನ್ನು ಸದ್ದಾಗದ ಹಾಗೆ ಒಳಗೆ ಸರಿಸಿ ಹೊರಟುಹೋದಳು. ಪಟ್ಟಿಯಲ್ಲಿ ಅವಳ ಹೆಸರಿನ ಎದುರು ನಾನೇ ಬರೆದೆ: ಅಭ್ಯರ್ಥಿಯ ನಿರ್ಲಕ್ಷ್ಯ.

ಮರುದಿನ ಶನಿವಾರ, ಕೃತಿಕಾ ಪಾಠಕ್ಕೆ ಬರಲಿಲ್ಲ. ಮಧ್ಯಾಹ್ನ ಅದೇ ಕಂಪ್ಯೂಟರಿನಲ್ಲಿ ಕುಳಿತು ನೋಟಿಸ್ ಬೋರ್ಡಿಗೆ ಒಂದು ಸೂಚನೆಯನ್ನು ಕನ್ನಡದಲ್ಲಿ ಟೈಪ್ ಮಾಡಿದೆ. ಮುಗಿದ ಮೇಲೆ ಸೈಟ್ ತೆರೆದು ನನ್ನ ಪಾಸ್‌ವರ್ಡ್ ಹೊಡೆದು ಬಟನ್ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಮೂರನೇ ಸಲಕ್ಕೆ ಕೈ ನಿಂತಿತು. ಕನ್ನಡ ಆಫ್ ಮಾಡುವುದನ್ನು ನಾನು ಮರೆತಿದ್ದೆ.

ಕೋಡ್ ತೆರೆದು ನೋಡುವ ಮೊದಲೇ ನನಗೆ ಗೊತ್ತಾಗಿಹೋಯಿತು. ಅದೇ ವಾರ ಸೋಮವಾರ ನಾನೇ ನಾಲ್ಕು ಸಾಲು ಸೇರಿಸಿದ್ದೆ: ಇಂಗ್ಲಿಷ್ ಅಕ್ಷರ, ಅಂಕಿ ಬಿಟ್ಟು ಬೇರೆ ಏನು ಹೊಡೆದರೂ ಫಾರಂ ಮುಂದೆ ಹೋಗಬಾರದು. ಯಾಕೆ ಹೋಗಲಿಲ್ಲ ಎಂದು ಹೇಳುವ ಒಂದು ಸಾಲೂ ಇತ್ತು. ಪರೀಕ್ಷಿಸುವಾಗ ಆ ಸೂಚನೆಯ ಪೆಟ್ಟಿಗೆ ಸ್ಕ್ರೀನಿನಲ್ಲಿ ಪದೇ ಪದೇ ಮೇಲೆದ್ದು ಕಿರಿಕಿರಿ ಮಾಡುತ್ತದೆ ಎಂದು ಅದನ್ನು ತೆಗೆದುಹಾಕಿದ್ದೆ. ಅವಳು ಪಾಸ್‌ವರ್ಡ್ ಇಟ್ಟದ್ದು ಅದಕ್ಕೂ ತಿಂಗಳ ಮೊದಲು. ಅವಳು ಹೊಡೆದದ್ದು ಒಂದಕ್ಷರವೂ ತಪ್ಪಿರಲಿಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅದಕ್ಕಿಂತ ಕಡೆ. ನೆಲವನ್ನು ಡೊಂಕು ಮಾಡಿಟ್ಟು ಕುಣಿಯುವವಳನ್ನು ಬೈದಿದ್ದೆ. ಅಲ್ಲೇ ಕುಳಿತು ನಾಚಿಕೆಯಿಂದ ಬೆವೆತೆ. ಫ್ಯಾನ್ ತಿರುಗುತ್ತಿತ್ತು.

ಕೇಂದ್ರದ ಮುಖ್ಯಸ್ಥ ರಾಜಶೇಖರ್ ಸರ್ ಬಳಿ ಹೋಗಿ ಎಲ್ಲ ಹೇಳಿದೆ. ಅವರು ಒಳ್ಳೆಯವರು, ಅದೇ ಕಷ್ಟವಾಯಿತು.

"ಯೂನಿವರ್ಸಿಟಿಗೆ ಸರ್ವರ್ ತೊಂದರೆ ಅಂತ ಬರಿ ಮಾರಾಯ. ಸರ್ವರ್ ಅಂದ್ರೆ ಯಾರೂ ಎರಡನೇ ಮಾತು ಕೇಳಲ್ಲ."

"ಸರ್ವರ್ ಸರಿಯಿತ್ತು ಸರ್."

"ನಿನ್ನ ತಪ್ಪು ಅಂತ ಕಾಗದದಲ್ಲಿ ಹೋದ್ರೆ ನಾಳೆ ಇನ್ಯಾರು ನಿನಗೆ ವೆಬ್‌ಸೈಟ್ ಕೆಲಸ ಕೊಡ್ತಾರೆ?"

ಆದರೂ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಸರ್ ಎರಡು ಸಲ ಓದಿ, ನಿಟ್ಟುಸಿರು ಬಿಟ್ಟು ಸಹಿ ಹಾಕಿದರು. ಸೋಮವಾರ ಬೆಳಿಗ್ಗೆ ಫ್ಯಾಕ್ಸ್ ಹೋಯಿತು.

ಅದರ ಪ್ರತಿ ಹಿಡಿದು ಕೃತಿಕಾಳ ಅಂಗಡಿಗೆ ಹೋದೆ. ಅವಳು ಯಾರದೋ ಗೃಹಪ್ರವೇಶದ ಕಾಗದ ಟೈಪ್ ಮಾಡುತ್ತಿದ್ದಳು. ಕಣ್ಣು ಸ್ಕ್ರೀನಿನ ಮೇಲೇ ಇತ್ತು.

"ತಪ್ಪು ನಂದು," ಎಂದೆ. "ನೀವು ಸರಿಯಾಗೇ ಹೊಡೆದಿದ್ರಿ."

"ನನಗೆ ಅವತ್ತೇ ಗೊತ್ತಿತ್ತು."

"ಕ್ಷಮಿಸಿ."

ಬೆರಳು ನಿಂತವು. "ಬೈಯೋಕೆ ಹದಿಮೂರು ಜನ ಬೇಕಿತ್ತು. ಕ್ಷಮಿಸಿ ಅನ್ನೋಕೆ ಅಂಗಡಿ ಮೂಲೆ ಸಾಕಾ ಸರ್?"

ನಾನು ಫ್ಯಾಕ್ಸಿನ ಪ್ರತಿಯನ್ನು ಮಡಚಿದೆ, ಮತ್ತೆ ಬಿಡಿಸಿದೆ.

"ಪರೀಕ್ಷೆ ಇಲ್ಲ ಅಂದ್ಮೇಲೆ ಕೊಪ್ಪಕ್ಕೆ ದಿನಾ ಬಸ್ಸು ಯಾಕೆ ಅಂತ ಅಮ್ಮ ಕೇಳ್ತಿದಾರೆ. ಒಂದು ಫಾರಂ ತುಂಬೋಕೆ ಬರದೋಳು ಓದಿ ಏನು ಮಾಡ್ತೀಯ ಅಂದ್ರು. ಈ ತಿಂಗಳು ಮುಗಿಸಿ ಕೆಲಸ ಬಿಡು ಅಂದಿದಾರೆ."

ಮತ್ತೆ ಟೈಪ್ ಮಾಡತೊಡಗಿದಳು. ನಾನು ಆ ಕಾಗದವನ್ನು ಮೇಜಿನ ತುದಿಯಲ್ಲಿಟ್ಟು ಬಂದೆ.

ಗುರುವಾರ ವಿಶ್ವವಿದ್ಯಾಲಯದಿಂದ ಫೋನ್ ಬಂತು, ಹೆಸರು ಸೇರಿಸಿಕೊಳ್ಳುತ್ತೇವೆ ಎಂದರು. ವರ್ಷ ಉಳಿಯಿತು. ಹದಿಮೂರು ಜನರ ಎದುರು ಕೇಳಬೇಕಾದ ಕ್ಷಮೆ ಇನ್ನೂ ಬಾಕಿ ಇತ್ತು.

ಶನಿವಾರ ಪಾಠ ಶುರುವಾಗುವ ಮೊದಲು ಎಲ್ಲರ ಎದುರು ನಿಂತೆ. ಬರೆದುಕೊಂಡು ಹೋಗಿದ್ದ ಚೀಟಿ ಜೇಬಿನಲ್ಲೇ ಉಳಿಯಿತು. "ಹೋದ ವಾರ ಶುಕ್ರವಾರ ಕೃತಿಕಾ ಅವರಿಗೆ ಲಾಗಿನ್ ಆಗದೆ ಇದ್ದದ್ದು ನಾನು ಮಾಡಿದ ತಪ್ಪಿಂದ. ಅವರು ಕಾರಣಾನೂ ಹೇಳಿದ್ರು, ನಾನು ಕೇಳ್ಲಿಲ್ಲ. ಆಡಬಾರದ ಮಾತು ಆಡಿದೆ. ಕ್ಷಮಿಸಬೇಕು." ಯಾರೂ ನಗಲಿಲ್ಲ. ವಿಘ್ನೇಶ್ವರ ಹಾಜರಿ ಪುಸ್ತಕದಲ್ಲಿ ಏನನ್ನೋ ಬಹಳ ಆಸಕ್ತಿಯಿಂದ ಹುಡುಕುತ್ತಿದ್ದ.

ಪಾಠ ಮುಗಿದ ಮೇಲೆ ಕೃತಿಕಾ ಬಾಗಿಲ ಹತ್ತಿರ ನಿಂತಿದ್ದಳು. "ಇದನ್ನೇ ನಮ್ಮಮ್ಮನಿಗೂ ಹೇಳಿ. ಸರ್ ತಪ್ಪು ಒಪ್ಕೊಂಡ್ರು ಅಂತ ನಾನು ಹೇಳಿದ್ರೆ ನಂಬಲ್ಲ, ಅವರನ್ನ ವಹಿಸ್ಕೊಂಡು ಬರ್ತೀಯಾ ಅಂತಾರೆ."

"ಯಾವತ್ತಾದ್ರೂ ವಹಿಸ್ಕೊಂಡಿದ್ರಾ?"

ಅವಳ ಕೆನ್ನೆ ಕೆಂಪಾಯಿತು. "ಅದೆಲ್ಲ ನಿಮಗ್ಯಾಕೆ? ನಾಳೆ ಬನ್ನಿ."

ಅವಳ ತಾಯಿ ಅನ್ನಪೂರ್ಣಮ್ಮ ನರಸಿಂಹರಾಜಪುರದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಭಾನುವಾರವೇ ಅಲ್ಲಿ ಜನ ಜಾಸ್ತಿ. ಡಬ್ಬ, ಚೀಲ ಹಿಡಿದವರು ಸಾಲಾಗಿ ನಿಂತಿದ್ದರು. ಗಿರಣಿಯ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳುತ್ತಿರಲಿಲ್ಲ.

"ಏನಪ್ಪ?" ಎಂದು ಕಿವಿಗೆ ಕೈ ಕೊಟ್ಟರು ಅನ್ನಪೂರ್ಣಮ್ಮ.

"ನಿಮ್ಮ ಮಗಳದ್ದು ತಪ್ಪಿಲ್ಲ ಅಂದೆ."

"ಜೋರಾಗಿ ಹೇಳು, ಕೇಳ್ತಿಲ್ಲ."

"ತಪ್ಪು ಮಾಡಿದ್ದು ನಾನು," ಎಂದು ಕೂಗಿದೆ. ಅದೇ ಹೊತ್ತಿಗೆ ಅವರು ಸ್ವಿಚ್ ಆಫ್ ಮಾಡಿದರು. ನನ್ನ ಕೂಗು ಬೀದಿಯ ಆ ತುದಿಗೆ ಹೋಯಿತು. ಚೀಲದವರೆಲ್ಲ ನನ್ನ ಕಡೆ ತಿರುಗಿದರು. ಒಂದು ಅಜ್ಜಿ, "ಏನು ಮಾಡ್ದೆಯೋ ಪಾಪಿ?" ಎಂದಿತು. ಕೃತಿಕಾ ಕಂಬದ ಹಿಂದೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು.

ಎಲ್ಲವನ್ನೂ ಹೇಳಬೇಕಾಯಿತು, ಅಜ್ಜಿಗೂ ಅರ್ಥವಾಗುವ ಹಾಗೆ. ಅನ್ನಪೂರ್ಣಮ್ಮ ಕೈಯ ಹಿಟ್ಟು ಕೊಡವಿಕೊಳ್ಳುತ್ತ ಕೇಳಿದರು.

"ಗಿರಣಿ ಕೆಟ್ರೆ ನಾವು ಕೆಟ್ಟಿದೆ ಅಂತ ಬೋರ್ಡ್ ಹಾಕ್ತೀವಪ್ಪ. ಬಂದೋರ ಗೋಧಿ ಸರಿಯಿಲ್ಲ ಅಂತ ಬೈಯಲ್ಲ."

"ಹೌದಮ್ಮ."

"ನಾನೂ ಇವಳಿಗೆ ಬೈದೆ ಅನ್ನು. ನಂದೂ ತಪ್ಪೇ." ಮಗಳ ಕಡೆ ತಿರುಗದೆಯೇ, "ಪರೀಕ್ಷೆಗೆ ಹೋಗ್ಲಿ, ಕೆಲಸಕ್ಕೂ ಹೋಗ್ಲಿ," ಎಂದರು. ನನಗೆ ಕಾಫಿ ಕೊಟ್ಟರು. ಕುಡಿಯುವಾಗ ಕಣ್ಣಲ್ಲಿ ನೀರು ಬಂತು, ಹಿಟ್ಟಿನ ಧೂಳು ಎಂದುಕೊಂಡೆ.

ಕೃತಿಕಾ ಬಸ್ಸಿನ ತನಕ ಬಂದಳು. ಇಬ್ಬರೂ ರಸ್ತೆ ನೋಡುತ್ತ ನಿಂತೆವು.

"ಒಂದು ಕೇಳ್ಲಾ ಸರ್? ಅವತ್ತು ಇನ್ನೂ ನಾಲ್ಕು ಜನಕ್ಕೆ ಲಾಗಿನ್ ಆಗಿರ್ಲಿಲ್ಲ. ಅವರ ಹತ್ರ ಎಲ್ಲ ಹೋಗಿ ಬಗ್ಗಿ ನೋಡಿ ಸರಿಮಾಡಿಕೊಟ್ರಿ. ನನ್ನ ಹತ್ರ ಮಾತ್ರ ಯಾಕೆ ಬರ್ಲಿಲ್ಲ?"

ಪತ್ರದಲ್ಲಿ ಬರೆಯದ, ಲ್ಯಾಬಿನಲ್ಲಿ ಹೇಳದ, ಗಿರಣಿಯಲ್ಲಿ ಕೂಗದ ಮಾತು ಅದೊಂದೇ ಉಳಿದಿತ್ತು. ಅದೇ ಎಲ್ಲಕ್ಕಿಂತ ನಾಚಿಕೆಯದು.

"ಹತ್ರ ಬಂದಿದ್ರೆ ನನ್ನ ಮುಖ ನೋಡಿ ಎಲ್ರಿಗೂ ಗೊತ್ತಾಗ್ತಿತ್ತು."

"ಏನು ಗೊತ್ತಾಗ್ತಿತ್ತು?"

"ನೀವಂದ್ರೆ ನನಗೆ ಇಷ್ಟ ಅಂತ. ವಿಘ್ನೇಶ್ವರ ಹುಬ್ಬು ಹಾರಿಸಿದ. ನೀವು ನನಗೆ ಏನೂ ಅಲ್ಲ ಅಂತ ಅವನಿಗೆ ತೋರಿಸ್ಬೇಕು ಅನ್ನಿಸ್ತು. ಅದಕ್ಕೇ ಹಾಗಂದೆ."

ಅವಳು ರಸ್ತೆ ನೋಡುವುದನ್ನು ಬಿಟ್ಟು ನನ್ನ ಕಡೆ ತಿರುಗಿದಳು.

"ಅಂದ್ರೆ, ಇಷ್ಟ ಇಲ್ದೆ ಇದ್ದಿದ್ರೆ ನನ್ನ ಫಾರಂ ಅವತ್ತೇ ತುಂಬಿರ್ತಿತ್ತು."

"ಹೌದು."

"ಇಷ್ಟಪಟ್ಟಿದ್ದಕ್ಕೆ ತಕ್ಷಣ ನಾಚಿಕೆ ಆಯ್ತು ನಿಮಗೆ. ಬೈದಿದ್ದಕ್ಕೆ ನಾಚಿಕೆ ಆಗೋಕೆ ಮರುದಿನದ ತನಕ ಬೇಕಾಯ್ತು."

ನೆಲ ಬಾಯಿಬಿಟ್ಟರೆ ಇಳಿದುಹೋಗುತ್ತಿದ್ದೆ. ತಲೆ ತಗ್ಗಿಸಿದವನು ಎತ್ತಲಿಲ್ಲ. ಕೊಪ್ಪದ ಬಸ್ಸು ಬಂದು ನಿಂತಿತು. ಕಂಡಕ್ಟರ್ ಭೈರಪ್ಪ ಅವಳಿಗೆ ದಿನದ ಪರಿಚಯ, ಬಾಗಿಲಲ್ಲೇ ಕೇಳಿದ.

"ಇವತ್ತು ಭಾನುವಾರ ಅಲ್ವೇನಮ್ಮ, ಎಲ್ಲಿಗೆ ಹೊರಟಿದ್ದು?"

"ನಾನು ಬರ್ತಿಲ್ಲ ಭೈರಪ್ಪಣ್ಣ, ಇವರನ್ನ ಕಳಿಸೋಕೆ ಬಂದೆ," ಎಂದಳು ಕೃತಿಕಾ. ಅವಳ ದನಿ ಹಿಂದಿನ ಸೀಟಿಗೂ ಕೇಳುವಷ್ಟಿತ್ತು. "ನನಗೆ ಬೇಕಾದೋರು ಇವರು. ಮುಂದಿನ ಭಾನುವಾರನೂ ಬರ್ತಾರೆ."

ಇಡೀ ಬಸ್ಸು ಕಿಟಕಿಯ ಕಡೆ ತಿರುಗಿತು. ಅವಳ ಕಿವಿಯ ತುದಿ ಕೆಂಪಾಗಿತ್ತು, ಆದರೂ ಮುಖ ತಗ್ಗಿಸದೆ ನಿಂತಿದ್ದಳು. ಭೈರಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಹೌದೇನ್ರಿ?" ಎಂದ.

ಬಸ್ಸಿನಲ್ಲಿ ಬಾಳಗಡಿಯವರು ಮೂವರಿದ್ದರು. ಮೂವರನ್ನೂ ನಾನು ಬಲ್ಲೆ.

"ಹೌದು," ಎಂದೆ, ಅವರಿಗೆ ಕೇಳುವ ಹಾಗೆ.