ಎರಡನೇ ಡ್ರೈವರ್

“ಸರ್, ಮತ್ತ ಹೋತ್ರೀ!” ವೀರೇಶ ಕೂಗಿದ.

ಪರದೆಯ ಮೇಲೆ ಮುಧೋಳದ ಶಾಲೆಯ ಮಕ್ಕಳು ಬಾಯಿ ತೆರೆದುಕೊಂಡೇ ನಿಂತುಬಿಟ್ಟಿದ್ದರು. ಆನ್‌ಲೈನ್ ಕ್ವಿಜ್ ಶುರುವಾಗಿ ಹತ್ತು ನಿಮಿಷ ಆಗಿತ್ತು. ನೆಟ್ ಹೋದದ್ದು ಇದು ಮೂರನೇ ಸಲ.

ಈಶ್ವರ ಸರ್ ಫೋನಿನಲ್ಲಿ ಮುಧೋಳದವರ ಜೊತೆ ಮಾತಾಡಿದರು. “ಇನ್ನ ಐದ ನಿಮಿಷ ಕಾಯ್ತಾರಂತ. ಆಮ್ಯಾಲ ನಾವು ಸೋತಂಗ.”

ಎಲ್ಲರೂ ನೇಹಾಳ ಕಡೆ ತಿರುಗಿದರು. “ವೈ-ಫೈ ಡ್ರೈವರ್ ಆರಿಸಿದಾಕಿ ನೀನ ಅಲ್ಲೇನ?” ಎಂದ ವೀರೇಶ. ನೇಹಾಳ ಕಣ್ಣು ತುಂಬಿ ಬಂದವು.

ಹಿಂದಿನ ಬೆಂಚಿನಲ್ಲಿ ಕೂತಿದ್ದ ಗಂಗಾಂಬಿಕಾಳಿಗೆ ಈಗ ಖುಷಿಯಾಗಬೇಕಿತ್ತು.

ತೇರದಾಳದಿಂದ ನೇಹಾ ಬರುವವರೆಗೆ, ಬನಹಟ್ಟಿಯ ಈ ಶಾಲೆಯಲ್ಲಿ ಕಂಪ್ಯೂಟರ್ ಎಂದರೆ ಗಂಗಾಂಬಿಕಾ. ಈಗ ಸರ್ ಬಾಯಲ್ಲಿ ಬರೀ “ನೇಹಾ, ನೋಡವಾ ಇಲ್ಲಿ.” ಅದನ್ನು ಕೇಳಿದಾಗಲೆಲ್ಲ ಗಂಗಾಂಬಿಕಾಳ ಹೊಟ್ಟೆ ಉರಿಯುತ್ತಿತ್ತು. ಅವಳಿಗೆ ನೇಹಾಳ ಎರಡು ಜಡೆ ಕಂಡರೂ ಸಿಟ್ಟು, ಅವಳ ಡಬ್ಬಿಯ ಚಟ್ನಿ ಕಂಡರೂ ಸಿಟ್ಟು.

ಶಾಲೆಯ ಹಳೇ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಲಿನಕ್ಸ್. ಅದರ ವೈ-ಫೈ ಕಾರ್ಡನ್ನು ನಡೆಸುವ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. ಆ ಒಂದು ಕಾರ್ಡಿಗೆ ಎರಡು ಡ್ರೈವರ್ ಸಿಗುತ್ತಿದ್ದವು. ಕಾರ್ಡು ಮಾಡಿದ ಕಂಪನಿಯದು ಒಂದು, ಲಿನಕ್ಸ್ ಜೊತೆಗೇ ಬಂದದ್ದು ಇನ್ನೊಂದು. ನಿನ್ನೆ ಎರಡನ್ನೂ ಹಾಕಿ ನೋಡಿದ್ದರು.

“ಕಂಪನೀದ ಹಾಕ್ರಿ ಸರ್, ಸ್ಪೀಡ್ ಐತಿ,” ಎಂದಿದ್ದಳು ಗಂಗಾಂಬಿಕಾ.

“ಸ್ಪೀಡ್ ಐತ್ರಿ, ಆದ್ರ ನಡಬರಕ ಕಟ್ ಆಗಾಕತ್ತೇತಿ. ಎರಡನೇದು ಸ್ಲೋ ಇದ್ರೂ ಬಿಟ್ಟ ಹೋಗೂದಿಲ್ರಿ,” ಎಂದಿದ್ದಳು ನೇಹಾ.

ಸರ್ ನೇಹಾ ಹೇಳಿದ್ದನ್ನೇ ಹಾಕಿಸಿದ್ದರು.

ಇವತ್ತು ಬೆಳಿಗ್ಗೆ ಎಲ್ಲರೂ ಪ್ರಾರ್ಥನೆಗೆ ನಿಂತಾಗ ಗಂಗಾಂಬಿಕಾ ಒಬ್ಬಳೇ ಒಳಗೆ ಬಂದು ಡ್ರೈವರ್ ಬದಲಿಸಿ ಕಂಪನಿಯದನ್ನು ಹಾಕಿದ್ದಳು. ನೆಟ್ ಕೈಕೊಡಲಿ, ನೇಹಾಳ ಜಂಬ ಇಳಿಯಲಿ! ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಈಗ ಇಳಿಯುತ್ತಿದ್ದದ್ದು ನೇಹಾಳ ಕಣ್ಣೀರು.

ಗಂಗಾಂಬಿಕಾಳಿಗೆ ಮನೆಯ ಮಗ್ಗ ನೆನಪಾಯಿತು. ಹೋದ ವಾರ ಅವ್ವ ಒಳಗೆ ಹೋದಾಗ ಅವಳು ಮಗ್ಗದ ಮೇಲೆ ಕೂತಿದ್ದಳು. ಒಂದು ಎಳೆ ಹರಿಯಿತು. ಬೈಸಿಕೊಳ್ಳುವ ಹೆದರಿಕೆಗೆ ಸುಮ್ಮನೆ ನೇಯುತ್ತಲೇ ಹೋದಳು. ನೇಯ್ದಷ್ಟು ಉದ್ದಕ್ಕೂ ಸೀರೆಯಲ್ಲಿ ಒಂದು ಗೆರೆ ಬಿತ್ತು.

ಅವ್ವ ಬೈಯಲಿಲ್ಲ. “ಹರದದ್ದು ತಪ್ಪಲ್ಲ. ಮಗ್ಗಾ ನಿಲ್ಲಸಲಿಲ್ಲಲ್ಲ, ಅದು ತಪ್ಪು,” ಎಂದಿದ್ದಳು.

ಗೋಡೆ ಗಡಿಯಾರದಲ್ಲಿ ಒಂದು ನಿಮಿಷ ಕಳೆಯಿತು. ಗಂಗಾಂಬಿಕಾ ಎದ್ದು ನಿಂತಳು.

“ಸರ್, ನೇಹಾಂದು ತಪ್ಪಿಲ್ರಿ. ಮುಂಜಾನೆ ನಾನ ಬದಲಿ ಮಾಡೇನ್ರಿ.”

ಸರ್ ಅವಳನ್ನೇ ನೋಡಿದರು. “ಆ ಮಾತು ಆಮ್ಯಾಲ. ಮೊದಲ ಇದನ್ನ ಸರಿ ಮಾಡು ಬಾ.”

ಅವಳು ಲಿಸ್ಟ್ ತೆರೆದು ಎರಡನೇ ಡ್ರೈವರ್ ಆರಿಸಿದಳು. ಪಾಸ್‌ವರ್ಡ್ ಒಂದು ಸಲ ತಪ್ಪಾಯಿತು. ಆಮೇಲೆ ರಿಸ್ಟಾರ್ಟ್. ಪರದೆ ಕಪ್ಪಾಗಿ, ಬೆಳಗಿ, ವೈ-ಫೈ ಗುರುತು ಮೂಡಿತು. ಮುಧೋಳದ ಮಕ್ಕಳು ಮತ್ತೆ ಬಂದರು. ಚಿತ್ರ ಸ್ವಲ್ಪ ಮಸುಕಾಗಿತ್ತು, ಆದರೆ ನಿಲ್ಲಲಿಲ್ಲ.

ಗಂಗಾಂಬಿಕಾ ಹಿಂದಿನ ಬೆಂಚಿಗೆ ಹೊರಟಳು.

“ಎಲ್ಲಿಗ್ಹೊಂಟಿ?” ನೇಹಾಳ ದನಿಯಲ್ಲಿ ಇನ್ನೂ ಸಿಟ್ಟಿತ್ತು. “ಮತ್ತ ಹೋದ್ರ ಯಾರ ನೋಡಾವ್ರು? ಇಲ್ಲೇ ಕುಂದ್ರು.”

ನೇಹಾ ಕಣ್ಣೊರೆಸಿಕೊಂಡು ಬೆಂಚಿನ ತುದಿಗೆ ಸರಿದು ಜಾಗ ಮಾಡಿಕೊಟ್ಟಳು. ಮುಂದಿನ ಪ್ರಶ್ನೆಗೆ ಸರಿ ಉತ್ತರ ಹೇಳಿದ್ದು ನೇಹಾಳೇ. ಗಂಗಾಂಬಿಕಾಳ ಹೊಟ್ಟೆಯೊಳಗೆ ಮತ್ತೆ ಚುರುಕ್ಕೆಂದಿತು. ಆದರೂ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ಅವಳೇ.